ಜಾಗತಿಕ ನ್ಯಾಯ ಮತ್ತು ವ್ಯಕ್ತಿ ಅನನ್ಯತೆ

ನೀತಿಮೀಮಾಂಸೆಯ ಎರಡು ಪ್ರಶ್ನೆಗಳು. ಹೆಸರು ತಿಳಿಯದ, ಮುಖ ಕಾಣದ, ಬೇರೆ ದೇಶದ ಮನುಷ್ಯರಿಗೆ ನಾವು ಸಲ್ಲಿಸಬೇಕಾದದ್ದು ಏನು ಎಂಬುದು ಮೊದಲನೆಯದು. ನಿನ್ನೆ ಇದ್ದವನು, ಇಂದು ಇರುವವನು, ನಾಳೆ ಇರಲಿರುವವನು ಒಬ್ಬನೇ ವ್ಯಕ್ತಿ ಎನ್ನಲು ಆಧಾರವೇನು ಎಂಬುದು ಎರಡನೆಯದು. ವಿಶ್ವವಿದ್ಯಾಲಯಗಳಲ್ಲಿ ಮೊದಲನೆಯದನ್ನು ರಾಜಕೀಯ ತತ್ತ್ವಶಾಸ್ತ್ರದವರೂ ಎರಡನೆಯದನ್ನು ತತ್ತ್ವಮೀಮಾಂಸಕರೂ ಹಂಚಿಕೊಂಡಿದ್ದಾರೆ. ಈ ಹಂಚಿಕೆ ಕೃತಕವಾದದ್ದು. ಯಾರ ಕೃತ್ಯ ಯಾರ ತಲೆಗೆ, ಯಾರ ನೋವು ಯಾರ ಲೆಕ್ಕಕ್ಕೆ ಎಂದು ಗೆರೆ ಎಳೆಯುವ ಕೆಲಸವನ್ನೇ ಎರಡೂ ಮಾಡುತ್ತವೆ.

ಭಾರತೀಯ ತಾರ್ಕಿಕರು ಈ ಗೆರೆ ತಪ್ಪಿದಾಗ ಆಗುವ ಅನ್ಯಾಯಕ್ಕೆ ಜೋಡಿ ಹೆಸರಿಟ್ಟಿದ್ದರು. ಮಾಡಿದವನಿಗೆ ಅದರ ಫಲ ತಟ್ಟದೆ ಹೋಗುವುದು ಕೃತಹಾನಿ. ಮಾಡದವನ ಮೇಲೆ ಫಲ ಬಂದೆರಗುವುದು ಅಕೃತಾಭ್ಯಾಗಮ. ಸ್ಥಿರವಾದ ಆತ್ಮವಿಲ್ಲವೆಂದ ಬೌದ್ಧರ ಮೇಲೆ ಹೊರಿಸಿದ ತರ್ಕದೋಷವಿದು: ಕ್ಷಣಕ್ಷಣಕ್ಕೂ ವ್ಯಕ್ತಿ ಬೇರೆಯಾದರೆ ಕರ್ಮ ಮಾಡಿದವನೊಬ್ಬ, ಉಣ್ಣುವವನು ಇನ್ನೊಬ್ಬ ಆಗಬೇಕಲ್ಲ ಎಂದು. ಅಲ್ಲಿ ಅದು ಎದುರಾಳಿಯ ಸಿದ್ಧಾಂತವನ್ನು ಕೆಡವಲು ಬಳಸಿದ ಅಸಂಭವ. ಇಂದಿನ ಜಗತ್ತಿನ ಸಾಲ, ಹೊಗೆ, ಗಡಿ, ಹಸಿವುಗಳನ್ನು ನೋಡಿದರೆ ಅದೇ ಜೋಡಿ ದೋಷ ನಿತ್ಯದ ವಾಸ್ತವವಾಗಿದೆ. ಆದ್ದರಿಂದಲೇ ಎರಡು ಪ್ರಶ್ನೆಗಳನ್ನೂ ಒಟ್ಟಿಗಿಟ್ಟು ನೋಡುವುದು ಅಗತ್ಯ.

ಅದೇ ವ್ಯಕ್ತಿ ಎನ್ನಲು ಏನು ಬೇಕು

ಪಾಲಿಯ ‘ಮಿಲಿಂದಪಞ್ಹ’ದಲ್ಲಿ ಗ್ರೀಕ್ ಮೂಲದ ಅರಸ ಮಿಲಿಂದನಿಗೂ ಭಿಕ್ಷು ನಾಗಸೇನನಿಗೂ ನಡೆಯುವ ಸಂವಾದ ಈ ಚರ್ಚೆಯ ಅತಿ ಹಳೆಯ ದಾಖಲೆಗಳಲ್ಲೊಂದು. ಗಾಲಿ, ಅಚ್ಚು, ನೊಗಗಳನ್ನು ಬಿಟ್ಟು ರಥವೆಂಬುದು ಬೇರೆ ಇಲ್ಲ. ನಾಗಸೇನನೆಂಬುದೂ ಹಾಗೆಯೇ ವ್ಯವಹಾರಕ್ಕೆ ಇಟ್ಟುಕೊಂಡ ಹೆಸರು ಎಂಬ ವಾದ ಪ್ರಸಿದ್ಧ. ನೀತಿಯ ಕಡೆಯಿಂದ ನೋಡಿದರೆ ಅದೇ ಗ್ರಂಥದ ಮಾವಿನ ಹಣ್ಣಿನ ಕಳ್ಳನ ಪ್ರಸಂಗ ಇದಕ್ಕಿಂತ ಮುಖ್ಯ. ತೋಟದವನು ನೆಟ್ಟ ಮಾವು ಬೇರೆ, ತಾನು ಕಿತ್ತ ಮಾವು ಬೇರೆ ಎಂದು ಕಳ್ಳ ವಾದಿಸಿದರೆ ಅರಸ ಬಿಟ್ಟುಬಿಡುವನೇ ಎಂದು ನಾಗಸೇನ ಕೇಳುತ್ತಾನೆ. ಬಿಡುವುದಿಲ್ಲ, ಏಕೆಂದರೆ ಎರಡನೆಯದು ಮೊದಲನೆಯದರಿಂದಲೇ ಬಂದದ್ದು. ಹೊಣೆಗಾರಿಕೆಗೆ ಬದಲಾಗದ ಆತ್ಮ ಬೇಕಿಲ್ಲ, ಕಡಿಯದ ಕಾರ್ಯಕಾರಣ ಸಂಬಂಧ ಸಾಕು ಎಂಬುದು ಇದರ ತಾತ್ಪರ್ಯ.

ನ್ಯಾಯದರ್ಶನದ ತಾರ್ಕಿಕರಾದ ನೈಯಾಯಿಕರು ಇದನ್ನು ಒಪ್ಪಲಿಲ್ಲ. ಕಣ್ಣು ಕಂಡದ್ದನ್ನೂ ಚರ್ಮ ಮುಟ್ಟಿದ್ದನ್ನೂ ಒಂದೇ ವಸ್ತುವೆಂದು ಗ್ರಹಿಸಲು ಎರಡಕ್ಕೂ ಒಡೆಯನಾದ ಒಬ್ಬ ಇರಬೇಕೆಂಬ ವಾದದಿಂದಲೇ ನ್ಯಾಯಸೂತ್ರದ ಮೂರನೆಯ ಅಧ್ಯಾಯ ಆರಂಭವಾಗುತ್ತದೆ. ಜೈನ ಆಚಾರ್ಯ ಸಮಂತಭದ್ರ ‘ಆಪ್ತಮೀಮಾಂಸೆ’ಯಲ್ಲಿ ಇನ್ನೂ ಮೊನಚಾಗಿ ಕೇಳುತ್ತಾನೆ: ಎಲ್ಲವೂ ಕ್ಷಣಿಕವಾದರೆ ಕೊಲ್ಲಲು ಸಂಕಲ್ಪಿಸಿದ ಚಿತ್ತ ಕೊಲ್ಲುವುದಿಲ್ಲ, ಕೊಂದ ಚಿತ್ತ ಸಂಕಲ್ಪಿಸಿರಲಿಲ್ಲ, ಬಂಧನಕ್ಕೆ ಸಿಕ್ಕುವುದು ಮೂರನೆಯ ಚಿತ್ತ, ಬಿಡುಗಡೆ ಹೊಂದುವುದು ಮತ್ತೊಂದು. ದ್ರವ್ಯ ಉಳಿಯುತ್ತದೆ, ಪರ್ಯಾಯಗಳು (ಅದರ ಅವಸ್ಥೆಗಳು) ಬದಲಾಗುತ್ತವೆ ಎಂಬ ಜೈನರ ನಡುದಾರಿ ಈ ಇಕ್ಕಟ್ಟಿಗೆ ಕೊಟ್ಟ ಉತ್ತರ.

ಯುರೋಪಿನಲ್ಲಿ ಚರ್ಚೆಯ ಚೌಕಟ್ಟು ಹಾಕಿದವನು ಜಾನ್ ಲಾಕ್. ಮಾನವ ಗ್ರಹಿಕೆಯ ಕುರಿತ ತನ್ನ ಪ್ರಬಂಧದ 1694ರ ಎರಡನೆಯ ಆವೃತ್ತಿಗೆ ಸೇರಿಸಿದ ಅಧ್ಯಾಯದಲ್ಲಿ ಅವನು ವ್ಯಕ್ತಿಯ ಏಕತೆಯನ್ನು ಆತ್ಮದಲ್ಲಾಗಲಿ ದೇಹದಲ್ಲಾಗಲಿ ಇಡದೆ ಪ್ರಜ್ಞೆಯಲ್ಲಿ ಇಟ್ಟ. ರಾಜಕುಮಾರನೊಬ್ಬನ ನೆನಪುಗಳೆಲ್ಲ ಚಮ್ಮಾರನ ದೇಹಕ್ಕೆ ಬಂದರೆ ರಾಜಕುಮಾರನ ಕೃತ್ಯಗಳಿಗೆ ಹೊಣೆ ಆ ದೇಹದಲ್ಲಿರುವವನೇ ಎಂದ. ವ್ಯಕ್ತಿ ಎಂಬುದು ಮೂಲತಃ ನ್ಯಾಯಾಲಯದ ಪರಿಕಲ್ಪನೆ, ಶಿಕ್ಷೆ ಮತ್ತು ಪುರಸ್ಕಾರ ಹಂಚಲು ಬೇಕಾದದ್ದು ಎಂಬ ಲಾಕನ ಒಳನೋಟ ಅವನ ನೆನಪಿನ ಸಿದ್ಧಾಂತಕ್ಕಿಂತ ದೀರ್ಘಕಾಲ ಉಳಿದಿದೆ. ನೆನಪಿನ ಸಿದ್ಧಾಂತಕ್ಕೆ ಥಾಮಸ್ ರೀಡ್ 1785ರಲ್ಲೇ ಪೆಟ್ಟು ಕೊಟ್ಟಿದ್ದ. ಮುಪ್ಪಿನ ಸೇನಾನಿಗೆ ಯೌವನದ ಸಾಹಸ ನೆನಪಿದೆ, ಆ ಯೌವನದ ಅಧಿಕಾರಿಗೆ ಬಾಲ್ಯದಲ್ಲಿ ತಿಂದ ಏಟು ನೆನಪಿತ್ತು, ಸೇನಾನಿಗೆ ಮಾತ್ರ ಆ ಏಟು ಮರೆತಿದೆ. ಹಾಗಾದರೆ ಅವನು ಆ ಹುಡುಗನೂ ಹೌದು, ಅಲ್ಲವೂ ಹೌದು ಎಂದಾಗುತ್ತದೆ. ಡೇವಿಡ್ ಹ್ಯೂಮ್ ಒಳಗೆ ಹುಡುಕಿದಾಗ ಅನುಭವಗಳ ಕಂತೆಯಷ್ಟೇ ಸಿಕ್ಕಿತು, ಕಟ್ಟಿದ ಹಗ್ಗ ಸಿಗಲಿಲ್ಲ.

ಇಪ್ಪತ್ತನೆಯ ಶತಮಾನದಲ್ಲಿ ಈ ಪ್ರಶ್ನೆಯನ್ನು ನೀತಿಯ ನಡುಮನೆಗೆ ತಂದವನು ಡೆರೆಕ್ ಪಾರ್ಫಿಟ್ (1942–2017). ಚೀನಾದ ಚೆಂಗ್ಡುವಿನಲ್ಲಿ ಹುಟ್ಟಿ ಆಕ್ಸ್‌ಫರ್ಡ್‌ನಲ್ಲಿ ಬಾಳಿದ ಈತನ ‘ರೀಸನ್ಸ್ ಅಂಡ್ ಪರ್ಸನ್ಸ್’ (1984) ಓದುಗನನ್ನು ಕಾಲ್ಪನಿಕ ಯಂತ್ರದ ಮುಂದೆ ನಿಲ್ಲಿಸುತ್ತದೆ. ಯಂತ್ರ ನಿಮ್ಮ ದೇಹದ ಪ್ರತಿ ಕಣದ ವಿವರ ಪಡೆದು, ದೇಹವನ್ನು ನಾಶಮಾಡಿ, ಮಂಗಳಗ್ರಹದಲ್ಲಿ ಹೊಸ ದ್ರವ್ಯದಿಂದ ಹಾಗೆಯೇ ಕಟ್ಟುತ್ತದೆ. ಅಲ್ಲಿ ಕಣ್ಣು ತೆರೆದವರು ನೀವೋ, ನಿಮ್ಮ ಪ್ರತಿಯೋ? ಇಲ್ಲಿನ ದೇಹವೂ ಉಳಿದರೆ ನೀವು ಯಾರು? ಈ ಪ್ರಶ್ನೆಗೆ ಖಚಿತ ಉತ್ತರ ಇರಲೇಬೇಕೆಂಬ ನಮ್ಮ ಹಟವೇ ತಪ್ಪು ಎಂದು ಪಾರ್ಫಿಟ್ ವಾದಿಸಿದ. ನೆನಪು, ಉದ್ದೇಶ, ಸ್ವಭಾವಗಳ ನಂಟು ಎಷ್ಟಿದೆಯೋ ಅಷ್ಟೇ ಮುಖ್ಯ, ಅದು ಹೆಚ್ಚುಕಡಿಮೆಯಾಗುವಂಥದ್ದು. ಬುದ್ಧನೂ ಇದನ್ನು ಒಪ್ಪುತ್ತಿದ್ದ ಎಂದು ಪುಸ್ತಕದಲ್ಲೇ ಬರೆದುಕೊಂಡಿದ್ದಾನೆ. ಮಾವಿನ ಕಳ್ಳನನ್ನು ಬಿಡದ ಅರಸನಿಗೆ ಈ ವಾದ ಅಪರಿಚಿತವೆನಿಸುತ್ತಿರಲಿಲ್ಲ.

ಪ್ರತಿವಾದಗಳು ಹಲವು. ನಾವು ಮೊದಲಿಗೆ ಜೀವಂತ ಪ್ರಾಣಿಗಳು, ನಮ್ಮ ಏಕತೆ ದೇಹದ ಜೀವವ್ಯಾಪಾರದಲ್ಲಿದೆ ಎಂದು ಎರಿಕ್ ಓಲ್ಸನ್. ಕೆಲಸ ಮಾಡಲು ನಿಂತವನಿಗೆ ತಾನು ಒಬ್ಬನೆಂದು ಬಗೆಯದೆ ಗತಿಯಿಲ್ಲ ಎಂದು ಕ್ರಿಸ್ಟೀನ್ ಕೋರ್ಸ್‌ಗಾರ್ಡ್. ಬದುಕನ್ನು ಕಥನವಾಗಿ ಹೇಳಿಕೊಳ್ಳುವುದರಲ್ಲೇ ವ್ಯಕ್ತಿ ರೂಪುಗೊಳ್ಳುತ್ತದೆ ಎಂದು ಮರ್ಯಾ ಶೆಕ್ಟ್‌ಮನ್. ಇವು ಬರೀ ತರಗತಿಯ ಚರ್ಚೆಗಳಲ್ಲ. ಮರೆವಿನ ಕಾಯಿಲೆಯಿಂದ ಹಿಂದಿನದೆಲ್ಲ ಅಳಿಸಿಹೋದರೂ ನೆಮ್ಮದಿಯಾಗಿರುವ ರೋಗಿಗೆ, ಆರೋಗ್ಯವಂತರಾಗಿದ್ದಾಗ ಅವರೇ ಬರೆದಿಟ್ಟ ‘ಚಿಕಿತ್ಸೆ ಬೇಡ’ ಎಂಬ ಇಚ್ಛಾಪತ್ರ ಅನ್ವಯಿಸಬೇಕೇ ಎಂದು ರೊನಾಲ್ಡ್ ಡ್ವರ್ಕಿನ್ 1993ರಲ್ಲಿ ಎತ್ತಿದ ಪ್ರಶ್ನೆ ಈಗ ನಮ್ಮ ಆಸ್ಪತ್ರೆಗಳ ಬಾಗಿಲಿಗೂ ಬಂದಿದೆ. ಮುಂಗಡ ವೈದ್ಯಕೀಯ ನಿರ್ದೇಶನಗಳಿಗೆ ಸುಪ್ರೀಂ ಕೋರ್ಟ್ 2018ರಲ್ಲಿ ಮಾನ್ಯತೆ ಕೊಟ್ಟಿತು. ಅದನ್ನು ಜಾರಿಗೊಳಿಸಲು ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿಯಲ್ಲಿ ಸುತ್ತೋಲೆ ಹೊರಡಿಸಿತು.

ದೂರದ ಹಸಿವು

ಜಾಗತಿಕ ನ್ಯಾಯದ ಆಧುನಿಕ ಚರ್ಚೆ ಹುಟ್ಟಿದ್ದು ನಮ್ಮ ಉಪಖಂಡದ ಸಂಕಟದಿಂದ. 1971ರಲ್ಲಿ ಪೂರ್ವ ಬಂಗಾಳದಿಂದ ಸುಮಾರು 90 ಲಕ್ಷ ನಿರಾಶ್ರಿತರು ಭಾರತಕ್ಕೆ ಬಂದಿದ್ದಾಗ, ಪೀಟರ್ ಸಿಂಗರ್ ಎಂಬ ಆಸ್ಟ್ರೇಲಿಯಾದ ತರುಣ ‘ಬರ, ಸಮೃದ್ಧಿ ಮತ್ತು ನೀತಿ’ಯ ಕುರಿತ ಪ್ರಬಂಧ ಬರೆದ, ಅದು ಮರುವರ್ಷ ಪ್ರಕಟವಾಯಿತು. ಬ್ರಿಟನ್ ನಿರಾಶ್ರಿತರಿಗೆ ಅಲ್ಲಿಯವರೆಗೆ ಕೊಟ್ಟಿದ್ದು 1 ಕೋಟಿ 47.5 ಲಕ್ಷ ಪೌಂಡ್. ಕಾನ್‌ಕಾರ್ಡ್ ವಿಮಾನದ ಮೇಲೆ ಮರಳಿ ಬಾರದಂತೆ ಸುರಿದಿದ್ದು 27 ಕೋಟಿ ಪೌಂಡ್‌ಗೂ ಮಿಕ್ಕಿ. ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ಅವನು ಕೇಳಿದ: ಆಳವಿಲ್ಲದ ಕೊಳದಲ್ಲಿ ಮಗು ಮುಳುಗುತ್ತಿದ್ದರೆ ಬಟ್ಟೆ ಕೆಸರಾದೀತೆಂದು ನಿಲ್ಲುತ್ತೇವೆಯೇ? ನಿಲ್ಲುವುದಿಲ್ಲವಾದರೆ ಸಾವಿರ ಮೈಲಿ ದೂರ ಎಂಬುದು ನೀತಿಯಲ್ಲಿ ಯಾವ ವ್ಯತ್ಯಾಸ ಮಾಡುತ್ತದೆ? ನಾವು ದಾನವೆಂದು ಕರೆಯುವುದು ವಾಸ್ತವದಲ್ಲಿ ಕರ್ತವ್ಯ ಎಂಬ ಅವನ ತೀರ್ಮಾನದ ಕಾವು ಅರ್ಧ ಶತಮಾನ ಕಳೆದರೂ ಆರಿಲ್ಲ.

ಸಿಂಗರನ ಚಿತ್ರದಲ್ಲಿ ಕೊರತೆಯೊಂದಿದೆ. ಮಗು ಕೊಳಕ್ಕೆ ಬಿದ್ದದ್ದು ಹೇಗೆ ಎಂದು ಅದು ಕೇಳುವುದಿಲ್ಲ. ಅಮರ್ತ್ಯ ಸೇನ್ 1981ರ ತಮ್ಮ ಅಧ್ಯಯನದಲ್ಲಿ, ಅವರ ಅಂದಾಜಿನಂತೆ ಸುಮಾರು 30 ಲಕ್ಷ ಜನರನ್ನು ಬಲಿತೆಗೆದುಕೊಂಡ 1943ರ ಬಂಗಾಳದ ಕ್ಷಾಮದಲ್ಲಿ ಕುಸಿದದ್ದು ಧಾನ್ಯದ ಒಟ್ಟು ದಾಸ್ತಾನಿಗಿಂತ ಹೆಚ್ಚಾಗಿ ಬಡವರಿಗೆ ಅದನ್ನು ಪಡೆಯುವ ಅಧಿಕಾರ ಎಂದು ತೋರಿಸಿದರು. ಹಸಿವಿಗೆ ಕರ್ತೃಗಳಿದ್ದಾರೆ, ನಿಯಮಗಳಿವೆ. ಥಾಮಸ್ ಪೊಗ್ಗೆ ‘ವರ್ಲ್ಡ್ ಪಾವರ್ಟಿ ಅಂಡ್ ಹ್ಯೂಮನ್ ರೈಟ್ಸ್’ (2002) ಗ್ರಂಥದಲ್ಲಿ ಇದನ್ನು ಜಗತ್ತಿಗೆ ವಿಸ್ತರಿಸಿದ. ಬಂದೂಕು ಹಿಡಿದು ಅಧಿಕಾರಕ್ಕೆ ಬಂದವನೂ ದೇಶದ ತೈಲ, ಅದಿರುಗಳನ್ನು ಮಾರಬಹುದು, ದೇಶದ ಹೆಸರಿನಲ್ಲಿ ಸಾಲ ಎತ್ತಬಹುದು ಎಂದು ಅಂತಾರಾಷ್ಟ್ರೀಯ ವ್ಯವಸ್ಥೆ ಒಪ್ಪುತ್ತದೆ. ಆ ವ್ಯವಸ್ಥೆಯ ಲಾಭ ಪಡೆಯುವ ಶ್ರೀಮಂತ ದೇಶಗಳು ಬಡವರಿಗೆ ಸಹಾಯ ಮಾಡುತ್ತಿಲ್ಲ ಎನ್ನುವುದು ಸಾಲದು, ಹಾನಿ ಮಾಡುತ್ತಿವೆ ಎಂದೇ ಹೇಳಬೇಕು ಎಂಬುದು ಪೊಗ್ಗೆಯ ವಾದ.

ಜಾನ್ ರಾಲ್ಸ್ ಇಲ್ಲಿ ವಿಚಿತ್ರ ಸ್ಥಾನದಲ್ಲಿದ್ದಾನೆ. ‘ಎ ಥಿಯರಿ ಆಫ್ ಜಸ್ಟಿಸ್’ (1971) ತನ್ನ ಜಾತಿ, ವರ್ಗ, ಪ್ರತಿಭೆ ಯಾವುದೂ ತಿಳಿಯದ ಅಜ್ಞಾನದ ಪರದೆಯ ಹಿಂದೆ ನಿಂತು ಸಮಾಜದ ನಿಯಮ ಆರಿಸಿ ಎಂದಿತು. ಹಾಗಿದ್ದರೆ ಹುಟ್ಟಿದ ದೇಶವೂ ತಿಳಿಯಬಾರದಲ್ಲವೇ ಎಂದು 1979ರಲ್ಲಿ ಚಾರ್ಲ್ಸ್ ಬೈಟ್ಜ್ ಕೇಳಿದ. ರಾಲ್ಸ್ ಒಪ್ಪಲಿಲ್ಲ. ‘ದಿ ಲಾ ಆಫ್ ಪೀಪಲ್ಸ್’ನಲ್ಲಿ (1999) ಅವನು ಪರದೆಯ ಹಿಂದೆ ಕೂರಿಸಿದ್ದು ಜನಾಂಗಗಳ ಪ್ರತಿನಿಧಿಗಳನ್ನು. ಒಂದು ದೇಶ ಕೈಗಾರಿಕೆಯನ್ನು ಆರಿಸಿಕೊಂಡು ಸಿರಿವಂತವಾಯಿತು, ಇನ್ನೊಂದು ನಿಧಾನದ ಪಶುಪಾಲಕ ಬದುಕನ್ನು ಆರಿಸಿಕೊಂಡಿತು. ಆಮೇಲೆ ಮೊದಲನೆಯದರಿಂದ ಕಿತ್ತು ಎರಡನೆಯದಕ್ಕೆ ಕೊಡುವುದು ಸರಿಯಲ್ಲ ಎಂದ. ಈ ಉದಾಹರಣೆಯಲ್ಲಿ ಆರಿಸಿಕೊಂಡವರು ಯಾರು, ಫಲ ಉಣ್ಣುವವರು ಯಾರು ಎಂದು ಕೇಳಿದೊಡನೆ ತಾರ್ಕಿಕರು ಹೆಸರಿಸಿದ ಆ ಹಳೆಯ ಜೋಡಿ ದೋಷ ಎದುರಾಗುತ್ತದೆ. ಅಜ್ಜ ಆರಿಸಿದ್ದನ್ನು ಮೊಮ್ಮಗಳು ಉಣ್ಣಬೇಕಾದರೆ ಇಡೀ ಜನಾಂಗ ತಲೆಮಾರುಗಳ ಉದ್ದಕ್ಕೂ ಬಾಳುವ ಒಬ್ಬ ವ್ಯಕ್ತಿ ಎಂದು ಭಾವಿಸಬೇಕು. ಒಬ್ಬೊಬ್ಬ ಮನುಷ್ಯನ ಪ್ರತ್ಯೇಕತೆಯನ್ನು ಗೌರವಿಸದ ಉಪಯುಕ್ತತಾವಾದವನ್ನು ಖಂಡಿಸಿ ಪ್ರಖ್ಯಾತನಾದ ರಾಲ್ಸ್, ದೇಶದ ಗಡಿ ದಾಟುವಾಗ ಆ ಪ್ರತ್ಯೇಕತೆಯನ್ನು ಕೈಬಿಟ್ಟದ್ದು ಅವನ ಮಹಾನ್ ಕೃತಿಶ್ರೇಣಿಯ ದುರ್ಬಲ ಭಾಗ.

ರಾಲ್ಸ್‌ನ ಪಕ್ಷಕ್ಕೂ ಸಮರ್ಥರಿದ್ದಾರೆ. ಬಲಪ್ರಯೋಗದ ಅಧಿಕಾರವುಳ್ಳ ಒಂದೇ ಪ್ರಭುತ್ವದಡಿ ಇರುವವರ ನಡುವೆ ಮಾತ್ರ ಹಂಚಿಕೆಯ ನ್ಯಾಯ ಹುಟ್ಟುತ್ತದೆ, ಅದರಾಚೆ ಇರುವುದು ಮಾನವೀಯತೆಯ ಕರ್ತವ್ಯ ಎಂದು ಥಾಮಸ್ ನೇಗಲ್ 2005ರಲ್ಲಿ ವಾದಿಸಿದ. ರಾಷ್ಟ್ರೀಯ ಬಾಂಧವ್ಯಕ್ಕೆ ತನ್ನದೇ ನೈತಿಕ ತೂಕವಿದೆ ಎಂದು ಡೇವಿಡ್ ಮಿಲ್ಲರ್. ಎದುರು ದಿಕ್ಕಿನಿಂದ ಐರಿಸ್ ಮರಿಯನ್ ಯಂಗ್, ಒಂದೇ ಉತ್ಪಾದನಾ ಜಾಲದಲ್ಲಿ ಸೇರಿದವರೆಲ್ಲ ಅದರ ಅನ್ಯಾಯವನ್ನು ಸರಿಪಡಿಸುವ ಹೊಣೆಯಲ್ಲೂ ಪಾಲುದಾರರು ಎಂದಳು. ಅವಳ ಮುಖ್ಯ ಉದಾಹರಣೆ ಸಿದ್ಧ ಉಡುಪು ಕಾರ್ಖಾನೆಗಳದ್ದು. ಬೆಂಗಳೂರಿನ ಗಾರ್ಮೆಂಟ್ ಕಾರ್ಖಾನೆಯಲ್ಲಿ ಹೆಂಗಸೊಬ್ಬಳು ಹೊಲಿದ ಅಂಗಿಯನ್ನು ಯುರೋಪಿನಲ್ಲಿ ಒಬ್ಬ ತೊಡುವಾಗ ಅವರಿಬ್ಬರ ನಡುವೆ ಯಾವ ಸಂಬಂಧವೂ ಇಲ್ಲ ಎನ್ನಲು ಬರುವುದಿಲ್ಲ. 2013ರಲ್ಲಿ ಢಾಕಾದ ಬಳಿ ರಾಣಾ ಪ್ಲಾಜಾ ಕುಸಿದು 1,100ಕ್ಕೂ ಹೆಚ್ಚು ಮಂದಿ ಸತ್ತಾಗ ಈ ಸಂಬಂಧ ಜಗತ್ತಿಗೆಲ್ಲ ಕಂಡಿತು.

ಹುಟ್ಟಿನ ಆಕಸ್ಮಿಕ

ಶ್ರೀಮಂತ ದೇಶದ ಪೌರತ್ವ ಹಳೆಯ ಕಾಲದ ಜಹಗೀರಿನ ಹಾಗೆ ಹುಟ್ಟಿನಿಂದ ಬರುವ ಸವಲತ್ತು ಎಂದು ಜೋಸೆಫ್ ಕ್ಯಾರೆನ್ಸ್ 1987ರಲ್ಲಿ ಬರೆದ. ಜಗತ್ತಿನ ಜನರ ಆದಾಯದ ಅಂತರದಲ್ಲಿ ಅರ್ಧಕ್ಕೂ ಹೆಚ್ಚು ಪಾಲು ಅವರು ಯಾವ ದೇಶದಲ್ಲಿದ್ದಾರೆ ಎಂಬುದರಿಂದಲೇ ತೀರ್ಮಾನವಾಗುತ್ತದೆ ಎಂದು ಅರ್ಥಶಾಸ್ತ್ರಜ್ಞ ಬ್ರಾಂಕೊ ಮಿಲನೊವಿಚ್ ಲೆಕ್ಕ ಹಾಕಿದ್ದಾನೆ. ‘ನಾನು ಅಲ್ಲಿ ಹುಟ್ಟಿದ್ದರೆ’ ಎಂಬ ಮಾತು ಇಲ್ಲಿ ಸಹಜವಾಗಿ ಬಾಯಿಗೆ ಬರುತ್ತದೆ. ಆದರೆ ಅದು ಅರ್ಥವುಳ್ಳ ಮಾತೇ? ಸೌಲ್ ಕ್ರಿಪ್ಕಿಯ 1970ರ ಉಪನ್ಯಾಸಗಳ ಪ್ರಕಾರ ಯಾವ ಅಂಡ, ಯಾವ ವೀರ್ಯದಿಂದ ಬಂದೆನೋ ಅದರಿಂದಲ್ಲದೆ ನಾನು ಬೇರೆ ಮೂಲದಿಂದ ಬಂದಿರಲು ಸಾಧ್ಯವಿಲ್ಲ. ಅಮ್ಮ ಬೇರೆ ದೇಶಕ್ಕೆ ಹೋಗಿ ಅಲ್ಲಿ ನನ್ನನ್ನು ಹೆತ್ತಿರಬಹುದಿತ್ತು. ಬೇರೆ ಅಮ್ಮನ ಮಗುವಾಗಿ ನಾನು ಇರಲಾರೆ. ಇದನ್ನು ಹಿಡಿದು ಆಕಸ್ಮಿಕದ ವಾದವೇ ಬಿದ್ದಿತೆಂದು ಹೇಳುವವರಿದ್ದಾರೆ. ಬೀಳುವುದಿಲ್ಲ. ಸುಡಾನಿನ ಮಗುವಿನ ಜಾಗದಲ್ಲಿ ನಾನಿರಬಹುದಿತ್ತು ಎಂದು ಸಾಧಿಸುವ ಅಗತ್ಯ ಅದಕ್ಕಿಲ್ಲ. ತನ್ನ ಜಾಗಕ್ಕೆ ಆ ಮಗುವೂ ಅರ್ಹತೆಯಿಂದ ಬಂದಿಲ್ಲ, ನನ್ನ ಜಾಗಕ್ಕೆ ನಾನೂ ಬಂದಿಲ್ಲ ಎಂಬಷ್ಟೇ ಅದಕ್ಕೆ ಸಾಕು.

ಮೈಕೆಲ್ ಸ್ಯಾಂಡೆಲ್‌ನ 1982ರ ಆಕ್ಷೇಪ ಇದಕ್ಕಿಂತ ಗಂಭೀರ. ಕುಲ, ಊರು, ನಂಬಿಕೆ, ಭಾಷೆಗಳನ್ನೆಲ್ಲ ಕಳಚಿಟ್ಟ ಮೇಲೆ ಪರದೆಯ ಹಿಂದೆ ಆಯ್ಕೆ ಮಾಡಲು ಉಳಿಯುವವನು ಯಾರು ಎಂದು ಅವನು ರಾಲ್ಸ್‌ನನ್ನು ಕೇಳಿದ. ಆ ಬಂಧಗಳು ನಮ್ಮ ಆಸ್ತಿಯಲ್ಲ, ನಾವೇ ಅವು ಎಂಬುದು ಸಮುದಾಯವಾದಿಗಳ ನಿಲುವು. ಸೇನ್ ‘ಐಡೆಂಟಿಟಿ ಅಂಡ್ ವಯಲೆನ್ಸ್’ನಲ್ಲಿ (2006) ಇದನ್ನು ವಿರೋಧಿಸಿದರು: ಪ್ರತಿಯೊಬ್ಬರಿಗೂ ಅಸ್ಮಿತೆಗಳು ಹಲವು, ಯಾವುದಕ್ಕೆ ಎಷ್ಟು ತೂಕ ಎಂಬುದು ವಿವೇಚನೆಗೆ ಬಿಟ್ಟದ್ದು, ಒಂದನ್ನೇ ವಿಧಿಯೆಂದು ಹೇರಿದಾಗ ಕೊಲೆಗಳು ನಡೆಯುತ್ತವೆ. ಢಾಕಾದ ಕೋಮುಗಲಭೆಯಲ್ಲಿ ಇರಿತಕ್ಕೊಳಗಾಗಿ ತಮ್ಮ ಮನೆಯಂಗಳಕ್ಕೆ ಬಂದ ಕೂಲಿಯೊಬ್ಬನನ್ನು ಬಾಲಕನಾಗಿದ್ದಾಗ ಕಂಡ ನೆನಪು ಈ ಪುಸ್ತಕದ ಬೆನ್ನಹಿಂದಿದೆ. ಕನ್ನಡದಲ್ಲಿ ಈ ಚರ್ಚೆಗೆ ಕುವೆಂಪು ಅವರ ವಿಶ್ವಮಾನವ ಕಲ್ಪನೆ ನೇರವಾಗಿ ಸೇರುತ್ತದೆ. ಮಗು ಹುಟ್ಟುವಾಗ ವಿಶ್ವಮಾನವ. ಜಾತಿ, ಮತ, ದೇಶಗಳ ಕಟ್ಟು ಆಮೇಲಿನದು. ಅದನ್ನು ಬಿಡಿಸುವುದು ವಿದ್ಯೆಯ ಕೆಲಸ ಎಂದು ಅವರು ಬಗೆದರು. ಸ್ಯಾಂಡೆಲ್‌ಗೆ ಟೊಳ್ಳಾಗಿ ಕಂಡ ಬಂಧಮುಕ್ತ ವ್ಯಕ್ತಿ ಕುವೆಂಪು ಅವರಿಗೆ ಆದಿಯೂ ಹೌದು, ಗುರಿಯೂ ಹೌದು. ಕನ್ನಡ ಮಾಧ್ಯಮಕ್ಕಾಗಿ ಜೀವಮಾನವಿಡೀ ವಾದಿಸಿದ ಕವಿಯೇ ಇದನ್ನು ಹೇಳಿದ್ದರಿಂದ, ಬೇರುಗಳಿದ್ದರೆ ವಿಶ್ವಪೌರತ್ವ ಸಾಧ್ಯವಿಲ್ಲ ಎಂಬ ಆಕ್ಷೇಪ ಅವರ ಮಟ್ಟಿಗೆ ನಿಲ್ಲುವುದಿಲ್ಲ.

ಒಡೆಯನಿಲ್ಲದ ನೋವು

ಎರಡು ಪ್ರಶ್ನೆಗಳನ್ನು ಒಂದೇ ದಾರದಲ್ಲಿ ಪೋಣಿಸಿದವನು ಎಂಟನೆಯ ಶತಮಾನದ ಬೌದ್ಧ ಭಿಕ್ಷು ಶಾಂತಿದೇವ. ‘ಬೋಧಿಚರ್ಯಾವತಾರ’ದ ಎಂಟನೆಯ ಪರಿಚ್ಛೇದದಲ್ಲಿ ಅವನು ಕೇಳುತ್ತಾನೆ: ಪರರ ನೋವು ನನಗೆ ತಟ್ಟುವುದಿಲ್ಲವೆಂದು ಅದನ್ನು ತಡೆಯದೆ ಬಿಟ್ಟರೆ, ನಾಳೆಯ ನನ್ನ ನೋವೂ ಇಂದು ತಟ್ಟುವುದಿಲ್ಲ, ಅದನ್ನೇಕೆ ತಡೆಯುತ್ತೇನೆ? ನಾಳೆಯವನು ನಾನೇ ಎನ್ನುವುದು ಕಲ್ಪನೆ. ಸಂತಾನವೆಂಬ ಕ್ಷಣಗಳ ಹರಿವು ಸಾಲಿನಂತೆ, ಸಮುದಾಯವೆಂಬುದು ಸೈನ್ಯದಂತೆ ಹೆಸರು ಮಾತ್ರ. ನೋವಿಗೆ ಒಡೆಯನಿಲ್ಲ, ನೋವೆಂಬ ಕಾರಣಕ್ಕೇ ಅದನ್ನು ನೀಗಬೇಕು. ಟಿಬೆಟ್ಟಿನ ನಿರಾಶ್ರಿತರಿಗೆ ಮೈಸೂರು ರಾಜ್ಯ 1960ರ ದಶಕದ ಆರಂಭದಲ್ಲಿ ನೆಲ ಕೊಟ್ಟ ಬೈಲಕುಪ್ಪೆಯ ಮಠಗಳಲ್ಲಿ ಈ ಗ್ರಂಥ ಇಂದಿಗೂ ಪಾಠವಾಗುತ್ತದೆ. ಪರರಿಗೆ ನೆಲೆ ಕೊಟ್ಟ ನೆಲದಲ್ಲೇ ಸ್ವ-ಪರ ಭೇದವನ್ನು ಪ್ರಶ್ನಿಸುವ ಗ್ರಂಥದ ಅಧ್ಯಯನ ನಡೆಯುತ್ತಿರುವುದು ಮನಸ್ಸಿಗೆ ಹಿತವಾದ ಸಂಗತಿ.

ಪಾಲ್ ವಿಲಿಯಮ್ಸ್ 1998ರಲ್ಲಿ ಈ ವಾದವನ್ನು ಕಟುವಾಗಿ ಪರೀಕ್ಷಿಸಿದ. ನೋಯುವವರೇ ಇಲ್ಲದಿದ್ದರೆ ಕರುಣೆ ಯಾರ ಮೇಲೆ ಎಂಬುದು ಅವನ ಪ್ರಶ್ನೆಯ ಸಾರ. ಪಾರ್ಫಿಟ್ ಇದೇ ಇಕ್ಕಟ್ಟನ್ನು ಇನ್ನೊಂದು ಬದಿಯಿಂದ ಕಂಡಿದ್ದ. ವ್ಯಕ್ತಿಗಳ ನಡುವಿನ ಗೋಡೆ ತೆಳುವಾದರೆ ಹಂಚಿಕೆಯ ನಿಯಮಗಳು ಒಬ್ಬನದೇ ಬದುಕಿನ ಬೇರೆಬೇರೆ ಹಂತಗಳಿಗೂ ಹಬ್ಬುತ್ತವೆ, ಜೊತೆಗೇ ಅವುಗಳ ತೂಕ ಇಳಿಯುತ್ತದೆ. ಒಟ್ಟು ಸುಖ ಹೆಚ್ಚಿದರೆ ಸಾಕು ಎನ್ನುವ ಲೆಕ್ಕಾಚಾರಕ್ಕೆ ಬಲ ಬರುತ್ತದೆ. ಅಣೆಕಟ್ಟಿಗಾಗಿ ಊರು ಕಳೆದುಕೊಂಡವರ ನಷ್ಟವನ್ನು ನಗರದ ಬೆಳಕಿನ ಲಾಭದಲ್ಲಿ ಕಳೆಯುವ ಲೆಕ್ಕ ಇದೇ. ಆದ್ದರಿಂದ ‘ನಾನು’ ಕರಗಿದರೆ ನ್ಯಾಯ ತಾನಾಗಿ ಬರುತ್ತದೆ ಎಂದು ನಂಬುವುದು ಅವಸರ. ಕೊಡಬೇಕಾದವನಿಗೆ ‘ನಾನು’ ಕರಗುವುದು ಒಳ್ಳೆಯದು. ಪಡೆಯಬೇಕಾದವಳ ‘ನಾನು’ವನ್ನು ಅವಳ ಪರವಾಗಿ ಇನ್ನೊಬ್ಬರು ಕರಗಿಸುವಂತಿಲ್ಲ.

ಸತ್ತವರ ಸಾಲ, ಹುಟ್ಟದವರ ಹಕ್ಕು

ರಾಷ್ಟ್ರವೂ ಕಾಲದಲ್ಲಿ ಬಾಳುವ ವ್ಯಕ್ತಿಯೇ ಎಂಬ ಪ್ರಶ್ನೆ ಹಣದ ವಿಷಯದಲ್ಲಿ ಸ್ಪಷ್ಟವಾಗುತ್ತದೆ. ಗುಲಾಮರು ದಂಗೆಯೆದ್ದು 1804ರಲ್ಲಿ ಸ್ವತಂತ್ರಗೊಳಿಸಿದ ಹೈಟಿಯ ಮೇಲೆ ಫ್ರಾನ್ಸ್ 1825ರಲ್ಲಿ 15 ಕೋಟಿ ಫ್ರಾಂಕ್ ದಂಡ ಹೇರಿತು. 1838ರಲ್ಲಿ ಅದನ್ನು 9 ಕೋಟಿಗೆ ಇಳಿಸಿತು. ಬಿಡುಗಡೆಯಾದವರು ತಮ್ಮ ಮಾಜಿ ಒಡೆಯರಿಗೆ ಪರಿಹಾರ ತೆರಬೇಕಾಯಿತು, ಅದಕ್ಕಾಗಿ ಎತ್ತಿದ ಸಾಲ ತಲೆಮಾರುಗಳನ್ನು ಹಿಂಡಿತು. 1833ರ ಕಾನೂನಿನಂತೆ ಬ್ರಿಟನ್ ಗುಲಾಮಗಿರಿಯನ್ನು ರದ್ದುಮಾಡಿದಾಗ 2 ಕೋಟಿ ಪೌಂಡ್ ಕೊಟ್ಟದ್ದು ಗುಲಾಮರಿಗಲ್ಲ, ಮಾಲೀಕರಿಗೆ. ಅದಕ್ಕೆ ಮಾಡಿದ ಸಾಲದ ಬಾಕಿ ತೀರಿದ್ದು 2015ರಲ್ಲಿ. ಸಾಲ ತೀರಿಸುವಾಗ 180 ವರ್ಷ ಹಿಂದಿನ ಬ್ರಿಟನ್ನೂ ಇಂದಿನ ಬ್ರಿಟನ್ನೂ ಒಂದೇ ಎಂದು ಒಪ್ಪುವ ಪ್ರಭುತ್ವ, ಗುಲಾಮರ ವಂಶಜರು ಪರಿಹಾರ ಕೇಳಿದಾಗ ಅಂದಿನವರು ಬೇರೆ, ಇಂದಿನವರು ಬೇರೆ ಎನ್ನುವುದಾದರೆ ಅದು ಮಾವಿನ ಕಳ್ಳನ ವಾದವೇ.

ಪರಿಹಾರದ ಬೇಡಿಕೆಗೆ ಇನ್ನೊಂದು ತೊಡಕನ್ನು ಪಾರ್ಫಿಟ್ ಕಂಡುಹಿಡಿದ. ಯಾರು ಹುಟ್ಟುತ್ತಾರೆ ಎಂಬುದು ಯಾವ ದಂಪತಿ, ಯಾವ ಗಳಿಗೆ ಎಂಬುದರ ಮೇಲೆ ನಿಂತಿದೆ. ದೊಡ್ಡ ಚಾರಿತ್ರಿಕ ಘಟನೆಗಳು ಅದನ್ನೆಲ್ಲ ಬದಲಿಸುತ್ತವೆ. ಗುಲಾಮಗಿರಿ ನಡೆಯದಿದ್ದರೆ ಇಂದಿನ ಹೈಟಿಯ ಯಾರೂ ಹುಟ್ಟುತ್ತಿರಲಿಲ್ಲ; ಹಾಗಾದರೆ ಅದರಿಂದ ಅವರ ಸ್ಥಿತಿ ಕೆಟ್ಟಿತೆಂದು ಹೇಗೆ ಹೇಳುವುದು? ಪಾರ್ಫಿಟ್ ಇದನ್ನು ಅನ್ಯಾಯವನ್ನು ಮನ್ನಿಸಲು ಹೇಳಲಿಲ್ಲ, ನಮ್ಮ ನೀತಿಸಿದ್ಧಾಂತ ಎಷ್ಟು ಅಪೂರ್ಣ ಎಂದು ತೋರಿಸಲು ಹೇಳಿದ. ಒಂದು ಉತ್ತರ ಸರಳವಾಗಿದೆ: ಸಲ್ಲಬೇಕಾದದ್ದನ್ನು ಸಲ್ಲಿಸದೆ ಉಳಿಸಿಕೊಂಡದ್ದು ಪ್ರತಿ ತಲೆಮಾರಿಗೂ ಹೊಸದಾಗಿ ಮಾಡಿದ ತಪ್ಪು, ಅದನ್ನು ಅನುಭವಿಸಿದವರು ಆಗ ಹುಟ್ಟಿಯೇ ಇದ್ದರು.

ಹವಾಮಾನ ಬದಲಾವಣೆಯ ಪ್ರಶ್ನೆಯಲ್ಲಿ ಎಲ್ಲ ಎಳೆಗಳೂ ಒಂದೆಡೆ ಸೇರುತ್ತವೆ. ಹೊಗೆ ಉಗುಳಿದವರಲ್ಲಿ ಹಲವರು ಸತ್ತಿದ್ದಾರೆ, ತಾಪ ಅನುಭವಿಸಬೇಕಾದವರಲ್ಲಿ ಹಲವರು ಇನ್ನೂ ಹುಟ್ಟಿಲ್ಲ. ಭತ್ತದ ಗದ್ದೆಯ ಮೀಥೇನನ್ನೂ ಐಷಾರಾಮಿ ಕಾರಿನ ಹೊಗೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದೆಂದು ದೆಹಲಿಯ ಅನಿಲ್ ಅಗರ್ವಾಲ್ ಮತ್ತು ಸುನೀತಾ ನಾರಾಯಣ್ 1991ರಲ್ಲೇ ಬರೆದರು. ಸಾಮಾನ್ಯ ಆದರೆ ವಿಭೇದಿತ ಹೊಣೆ ಎಂಬ ಸೂತ್ರ 1992ರ ವಿಶ್ವಸಂಸ್ಥೆಯ ಒಪ್ಪಂದದಲ್ಲಿ ಸೇರಿತು. ನಷ್ಟ ಭರ್ತಿಯ ನಿಧಿಗೆ ದೇಶಗಳು ಒಪ್ಪಿದ್ದು 2022ರಲ್ಲಿ, ಶರ್ಮ್ ಎಲ್ ಶೇಖ್‌ನಲ್ಲಿ. ಪೆಸಿಫಿಕ್ ದ್ವೀಪಗಳ ವಿದ್ಯಾರ್ಥಿಗಳು 2019ರಲ್ಲಿ ಆರಂಭಿಸಿದ ಅಭಿಯಾನದ ಫಲವಾಗಿ ಅಂತಾರಾಷ್ಟ್ರೀಯ ನ್ಯಾಯಾಲಯ 2025ರ ಜುಲೈ 23ರಂದು ಹವಾಮಾನ ರಕ್ಷಣೆ ದೇಶಗಳ ಕಾನೂನುಬದ್ಧ ಕರ್ತವ್ಯ ಎಂದು ಸಲಹಾ ಅಭಿಪ್ರಾಯ ನೀಡಿತು.

ಅದೇ ಅಭಿಪ್ರಾಯದಲ್ಲಿ ಇನ್ನೊಂದು ಮಾತಿದೆ: ಒಮ್ಮೆ ಸ್ಥಾಪಿತವಾದ ರಾಜ್ಯ ತನ್ನ ಘಟಕಗಳಲ್ಲಿ ಒಂದನ್ನು ಕಳೆದುಕೊಂಡ ಮಾತ್ರಕ್ಕೆ ರಾಜ್ಯತ್ವ ಕಳೆದುಕೊಳ್ಳಬೇಕಿಲ್ಲ. ಸುಮಾರು 26 ಚದರ ಕಿಲೋಮೀಟರ್ ನೆಲವುಳ್ಳ ಟುವಾಲು ದೇಶ, ಸಮುದ್ರ ನುಂಗಿದರೂ ತಾನು ಶಾಶ್ವತವಾಗಿ ರಾಜ್ಯವಾಗಿಯೇ ಉಳಿಯುವೆನೆಂದು 2023ರಲ್ಲಿ ತನ್ನ ಸಂವಿಧಾನದಲ್ಲಿ ಬರೆದುಕೊಂಡಿತು. ತನ್ನ ದ್ವೀಪಗಳು, ದಾಖಲೆಗಳು, ಸಂಸ್ಕೃತಿಗಳನ್ನು ಗಣಕರೂಪದಲ್ಲಿ ಉಳಿಸುವ ಕೆಲಸವನ್ನೂ ಹಿಡಿದಿದೆ. ಆಸ್ಟ್ರೇಲಿಯಾದೊಂದಿಗೆ ಮಾಡಿಕೊಂಡ ಒಪ್ಪಂದದಂತೆ ವರ್ಷಕ್ಕೆ 280 ಮಂದಿ ಅಲ್ಲಿಗೆ ಹೋಗಿ ನೆಲೆಸಬಹುದು. ನೆಲ ಮುಳುಗಿ, ಜನ ಚದುರಿದ ಮೇಲೂ ಉಳಿಯುವ ಟುವಾಲು ಅದೇ ಟುವಾಲುವೇ, ಅದರ ಸಾಗರದ ಹಕ್ಕುಗಳು ಮತ್ತು ಅದಕ್ಕೆ ಸಲ್ಲಬೇಕಾದ ಪರಿಹಾರ ಯಾರ ಕೈ ಸೇರಬೇಕು ಎಂಬ ವಿಷಯಗಳನ್ನು ಅಂತಾರಾಷ್ಟ್ರೀಯ ಕಾನೂನಿನವರೂ ತತ್ತ್ವಶಾಸ್ತ್ರದವರೂ ಈಗ ಒಟ್ಟಿಗೆ ಚರ್ಚಿಸುತ್ತಿದ್ದಾರೆ.